ಬಿಟ್ಟುಕೊಡುವ ಮಾತು

ವಿಭಾ ಮೇಡಂ ಬರಹವನ್ನು ಹಿಂದಕ್ಕೆ ಕೊಟ್ಟಾಗ ಅದರ ಮೂಲೆಯಲ್ಲಿ ನಗುವ ಮುಖದ ಹಳದಿ ಸ್ಟಿಕ್ಕರ್ ಒಂದು ಅಂಟಿಕೊಂಡಿತ್ತು. ಅದರ ಕೆಳಗೆ, ಇಪ್ಪತ್ತೈದಕ್ಕೆ ಒಂಬತ್ತು.

“ಭಾಷೆ ಚೆಂದ ಉಂಟು ಯಶ್ಮಿತಾ,” ಎಂದರು. “ಆದರೆ ಬೆಳವಣಿಗೆ ಎಲ್ಲುಂಟು? ಒಂದು ವರ್ಷ ಕೋರ್ಸು ಮಾಡಿದ್ದೀರಿ. ಬರುವಾಗ ಹೇಗಿದ್ದಿರಿ, ಈಗ ಹೇಗಿದ್ದೀರಿ, ಅದು ನನಗೆ ಕಾಣಬೇಕು. ಪುನಃ ಬರೆದು ಕೊಡಿ.”

ಯಶ್ಮಿತಾ ಹೂಂ ಎಂದಳು. ಬರುವಾಗ ಹೇಗಿದ್ದಳೋ ಈಗಲೂ ಹಾಗೇ ಇದ್ದಳು. ಅದನ್ನು ಬರೆದರೆ ಈ ಒಂಬತ್ತೂ ಸಿಗುವುದಿಲ್ಲ.

ಮಣಿಪಾಲದ ಆ ಕಾಲೇಜಿನಲ್ಲಿ ಕುಟುಂಬ ಅಧ್ಯಯನದ ಡಿಪ್ಲೊಮಾಕ್ಕೆ ಅವಳಾಗಿಯೇ ಸೇರಿದ್ದಲ್ಲ. ಜಿತೇಶ್ ಸತ್ತು ಎರಡು ತಿಂಗಳಾಗಿತ್ತು. ಬಜಗೋಳಿಯ ತಾಯಿಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದವಳ ಹೆಸರಿನಲ್ಲಿ ತಮ್ಮ ಅಕ್ಷಿತ್ ಅರ್ಜಿ ತುಂಬಿಸಿದ್ದ. “ಎಂ.ಎ. ಮಾಡಿದವಳು ನೀನು. ಓದುವುದೊಂದು ನಿನಗೆ ಬರುತ್ತದೆ, ಅದನ್ನಾದರೂ ಮಾಡು,” ಎಂದಿದ್ದ. ಉಡುಪಿಯ ಬನ್ನಂಜೆಯಲ್ಲಿ ಪಿ.ಜಿ. ಕೋಣೆ ಹುಡುಕಿದವನೂ ಅವನೇ. ಅವಳು ಬಸ್ಸು ಹತ್ತಿದಳು. ಬೇಡ ಎನ್ನುವುದಕ್ಕೂ ಸ್ವಲ್ಪ ತ್ರಾಣ ಬೇಕು.

ಕೋರ್ಸಿನ ಕೊನೆಗೆ ಕೊಡಬೇಕಾದದ್ದು ಎರಡು: ತನ್ನ ಕುಟುಂಬದ ನಕ್ಷೆ, ಮತ್ತು ತನ್ನ ವೈಯಕ್ತಿಕ ಬೆಳವಣಿಗೆಯ ಬಗ್ಗೆ ನಾಲ್ಕು ಪುಟದ ಬರಹ. ನಕ್ಷೆಯಲ್ಲಿ ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಸತ್ತವರ ಮೇಲೆ ಕತ್ತರಿಯಂತೆ ಎರಡು ಗೀಟು. ಮದುವೆಯಾದವರ ನಡುವೆ ಪೂರ್ತಿ ಗೆರೆ. ಮದುವೆಯಿಲ್ಲದ ಸಂಬಂಧಕ್ಕೆ ಚುಕ್ಕಿ ಗೆರೆ. ಯಶ್ಮಿತಾ ಒಂದು ಚೌಕ ಬರೆದು ಅದರ ಮೇಲೆ ಗೀಟು ಹಾಕಿದ್ದಳು. ಪಕ್ಕದಲ್ಲಿ ತನ್ನ ವೃತ್ತ. ನಡುವೆ ಏನು ಹಾಕುವುದೆಂದು ತಿಳಿಯದೆ ಚುಕ್ಕಿ ಗೆರೆ ಹಾಕಿ ಕೊಟ್ಟುಬಿಟ್ಟಿದ್ದಳು.

ಬರಹ ಬರೀ ಒಂದೂವರೆ ಪುಟ. ಅದರಲ್ಲಿ ವಿಭಾ ಮೇಡಂ ಹಳದಿ ಬಣ್ಣ ಬಳಿದದ್ದು ಒಂದೇ ವಾಕ್ಯಕ್ಕೆ: ‘ಜಿತೇಶ್ ಕಳೆದ ವರ್ಷ ಜೂನ್‌ನಲ್ಲಿ ತೀರಿಕೊಂಡರು.’ ಅಂಚಿನಲ್ಲಿ ‘ಇಲ್ಲಿಂದ ಶುರು ಮಾಡಿ’ ಎಂದು ಬರೆದು ಪಕ್ಕದಲ್ಲಿ ಪುಟ್ಟ ಹೃದಯವೊಂದನ್ನು ಬಿಡಿಸಿದ್ದರು. ಆ ಹೃದಯವನ್ನು ನೋಡಿದಾಗ ಯಶ್ಮಿತಾಳಿಗೆ ಹಳಸಿದ ಅನ್ನದ ವಾಸನೆ ಬಂದ ಹಾಗಾಯಿತು.

ಕ್ಯಾಂಟೀನಿನಲ್ಲಿ ಶರೋನ್ ತನ್ನ ಬರಹವನ್ನು ಮೇಜಿನ ಮೇಲೆ ಹರಡಿಕೊಂಡು ಬನ್ಸ್ ತಿನ್ನುತ್ತಿದ್ದಳು. ಕೋರ್ಸಿನಲ್ಲಿ ಯಶ್ಮಿತಾಳೊಂದಿಗೆ ಮಾತಾಡುತ್ತಿದ್ದವಳು ಅವಳೊಬ್ಬಳೇ. ಉಳಿದವರು ಯಶ್ಮಿತಾಳನ್ನು ಕಂಡರೆ ಧ್ವನಿ ತಗ್ಗಿಸುತ್ತಿದ್ದರು.

“ನನಗೆ ಇಪ್ಪತ್ತೆರಡು ಮಾರಾಯ್ತಿ,” ಎಂದಳು ಶರೋನ್. “ಅಪ್ಪನನ್ನು ಕ್ಷಮಿಸಿದೆ ಅಂತ ಬರೆದೆ.”

“ಕ್ಷಮಿಸಿದೆಯಾ?”

“ನಿನಗೆಲ್ಲೋ ಹುಚ್ಚು. ಮೊನ್ನೆ ಪುನಃ ಕುಡಿದು ಬಂದು ಕೋಳಿಗೂಡಿನಲ್ಲಿ ಮಲಗಿದ್ದಾರೆ. ಕೋಳಿಗಳೆಲ್ಲ ಜಗಲಿಯಲ್ಲಿ.” ಅವಳು ಬನ್ಸ್ ಮುರಿದು ಅರ್ಧವನ್ನು ಯಶ್ಮಿತಾಳ ಕಡೆ ನೂಕಿದಳು. “ಮೇಡಂಗೆ ಕಣ್ಣೀರು ಬೇಕು, ಆಮೇಲೆ ಕಣ್ಣೀರು ಒರೆಸುವುದು ಬೇಕು. ಎರಡೂ ಹಾಕು. ಇಪ್ಪತ್ತು ಎಲ್ಲಿಗೂ ಹೋಗುವುದಿಲ್ಲ.”

ಆಗಲೇ ಫೋನು ಬಂದದ್ದು. ಕಾಪುವಿನಿಂದ ಮೋಹಿನಿ, ಜಿತೇಶನ ತಾಯಿ. ಎಂಟು ತಿಂಗಳಲ್ಲಿ ಮೊದಲ ಸಲ.

“ಮಗಾ, ಭಾನುವಾರ ಒಮ್ಮೆ ಬಾ,” ಎಂದರು ಮೋಹಿನಿ. “ಎಂಟೂವರೆಗೆಲ್ಲ ಮುಟ್ಟುವ ಹಾಗೆ. ಬರುವಾಗ ಆ ಕರಿಮಣಿ ಹಿಡಿದುಕೊಂಡು ಬಾ.”

“ಯಾಕೆ ಅತ್ತೆ?”

ಮೋಹಿನಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಜಿತೇಶನ ತಮ್ಮ ಉಜ್ವಲ್‌ಗೆ ಬಂದ ಮೂರು ಸಂಬಂಧಗಳು ಮುರಿದಿವೆ. ಜೋಯಿಸರಲ್ಲಿ ಪ್ರಶ್ನೆ ಇಟ್ಟು ನೋಡಿಸಿದಾಗ, ಮನೆಯಲ್ಲಿ ಮದುವೆಯಾಗದೆ ಹೋದ ಜೀವವೊಂದು ಅಡ್ಡ ನಿಂತಿದೆ ಎಂದು ಕಂಡುಬಂತು. ಮಳೆಗಾಲದ ಈ ಆಟಿ ತಿಂಗಳು ಮುಗಿಯುವುದರೊಳಗೆ ಜಿತೇಶನಿಗೆ ಮದುವೆ ಮಾಡಿಸಬೇಕು. ಎಲ್ಲೂರಿನಲ್ಲಿ ಒಂದು ಹುಡುಗಿ ಸಿಕ್ಕಿದ್ದಾಳೆ. ಹನ್ನೊಂದು ವರ್ಷದ ಹಿಂದೆ ಕಾಮಾಲೆಯಾಗಿ ಹೋದವಳು. ಜಾತಿ ಒಂದೇ, ಗೋತ್ರದ ಹಾಗಿರುವ ಬರಿ ಬೇರೆ, ಎಲ್ಲ ಕೂಡಿ ಬರುತ್ತದೆ. ಭಾನುವಾರ ಹನ್ನೊಂದಕ್ಕೆ ಅವರು ಮಾತುಕತೆಗೆ ಬರುತ್ತಾರೆ. ಅದಕ್ಕೆ ಮೊದಲು ಯಶ್ಮಿತಾ ಬಂದು ಕರಿಮಣಿ ಇಟ್ಟು, ಬಿಟ್ಟುಕೊಟ್ಟೆ ಎಂದು ಬಾಯಿಬಿಟ್ಟು ಹೇಳಿ ಹೋಗಬೇಕು. ಪ್ರಶ್ನೆಯಲ್ಲಿ ಅದೂ ಕಂಡಿದೆ.

“ನಿನಗೂ ಒಳ್ಳೆಯದು ಮಗಾ,” ಎಂದು ಮೋಹಿನಿ ಫೋನಿಟ್ಟರು.

ಯಶ್ಮಿತಾ ಇದನ್ನು ಬಸ್ಸಿನ ಸಮಯ ಹೇಳುವ ಹಾಗೆ ಶರೋನ್‌ಗೆ ಹೇಳಿದಳು. ಶರೋನ್ ಬನ್ಸ್ ನುಂಗುವುದನ್ನು ಮರೆತಳು.

“ಸತ್ತವರಿಗೆ ಮದುವೆಯಾ?”

“ಕುಲೆಗಳ ಮದುವೆ. ಮದುವೆಯಾಗದೆ ಸತ್ತವರಿಗೆ, ಹಾಗೆಯೇ ಸತ್ತ ಇನ್ನೊಬ್ಬರನ್ನು ನೋಡಿ ಮಾಡುತ್ತಾರೆ. ಎರಡು ಮಣೆ ಇಟ್ಟು, ಒಂದರ ಮೇಲೆ ಸೀರೆ, ಒಂದರ ಮೇಲೆ ಪಂಚೆ ಇಟ್ಟು. ಊಟವೂ ಉಂಟು.”

“ಆದರೆ ನಿನ್ನ ಗಂಡನಿಗೆ ಮದುವೆಯಾಗಿದೆಯಲ್ವಾ?” ಎಂದಳು ಶರೋನ್. “ನಿನ್ನ ಜೊತೆ.”

ಯಶ್ಮಿತಾ ಮೇಜಿನ ಮೇಲೆ ಬೆರಳಿನಿಂದ ಚುಕ್ಕಿ ಗೆರೆ ಎಳೆದಳು.

ಆದದ್ದು ಇಷ್ಟು. ಜಿತೇಶ್ ಮಸ್ಕತ್‌ನಲ್ಲಿದ್ದ. ರಜೆಯಲ್ಲಿ ಬಂದಾಗ ಎರಡೂ ಮನೆಯವರು ಒಪ್ಪಿ ಮಾತಾಡಿ ಆಗಿತ್ತು. ಆದರೆ ಆ ವರ್ಷ ಅವನ ಅಜ್ಜಿ ತೀರಿಹೋಗಿದ್ದರಿಂದ, ವರ್ಷ ಕಳೆಯದೆ ಧಾರೆ ಎರೆಯುವುದು ಬೇಡ ಎಂದರು ಮೋಹಿನಿಯ ಅಣ್ಣ ದೂಮಪ್ಪ. ಆ ಮನೆಯಲ್ಲಿ ಸೋದರಮಾವನ ಮಾತಿಗೆ ಎದುರು ಮಾತಿಲ್ಲ. ಹೆಂಡತಿಯ ವೀಸಾಕ್ಕೆ ಕಾಗದ ಬೇಕೆಂದು, ಮೊದಲೇ ನೋಟಿಸು ಕೊಟ್ಟು, ಉಡುಪಿಯಲ್ಲಿ ರಿಜಿಸ್ಟರ್ ಮಾತ್ರ ಮಾಡಿಸಿದರು. ದೂಮಪ್ಪನವರೇ ಸಾಕ್ಷಿ ಹಾಕಿದರು. ಉದ್ದ ಸರಿ ಉಂಟಾ ನೋಡು ಎಂದು ಮೋಹಿನಿ ಹೊಸ ಕರಿಮಣಿಯನ್ನು ಅವಳ ಕೈಗೆ ಕೊಟ್ಟರು. ಧಾರೆಯ ದಿನ ತಂದರೆ ಸಾಕು ಎಂದರು. ಡಿಸೆಂಬರಿಗೆ ಮದುವೆಯ ಹಾಲ್ ಗೊತ್ತುಮಾಡಿ ಆಗಿತ್ತು. ಜೂನ್‌ನಲ್ಲಿ ಮಸ್ಕತ್‌ನ ದಾರಿಯೊಂದರಲ್ಲಿ ವ್ಯಾನು ಮಗುಚಿತು.

ಹೆಣ ತರಿಸುವ ಕಾಗದಗಳಿಗೆ ಹೆಂಡತಿಯ ಸಹಿ ಬೇಕಾಯಿತು. ಆಗ ದೂಮಪ್ಪನವರೇ ಬಜಗೋಳಿಗೆ ಬಂದು ನಾಲ್ಕು ಕಡೆ ಬೆರಳಿಟ್ಟು ತೋರಿಸಿದರು. ಅವಳು ನಾಲ್ಕು ಕಡೆಯೂ ಸಹಿ ಹಾಕಿದಳು. ಪೆಟ್ಟಿಗೆ ಬಂದ ದಿನ ಮಾತ್ರ ಅವಳು ಅಂಗಳದ ತುದಿಯಲ್ಲಿ, ನೆರೆಮನೆಯ ಹೆಂಗಸರ ಹಿಂದೆ ನಿಂತಿದ್ದಳು. ಧಾರೆಯಾಗದ ಹುಡುಗಿ ಹತ್ತಿರ ಹೋಗಬಾರದು, ಅವಳ ಮುಂದಿನ ದಾರಿಗೆ ಒಳ್ಳೆಯದಲ್ಲ ಎಂದು ಯಾರೋ ಹೇಳಿದರು. ಅವಳಿಗೆ ಕಂಡದ್ದು ಪೆಟ್ಟಿಗೆಯ ಮೇಲಿನ ಚೀಟಿ ಮಾತ್ರ.

ಯಾರಿಗೂ ಗೊತ್ತಿಲ್ಲದ ಸಂಗತಿ ಒಂದಿತ್ತು. ರಿಜಿಸ್ಟರ್ ಆದ ಮೇಲೆ ಜಿತೇಶ್ ಗೆಳೆಯರೊಂದಿಗೆ ಗೋಕರ್ಣಕ್ಕೆಂದು, ಅವಳು ಸಂದರ್ಶನಕ್ಕೆಂದು ಮನೆಯಲ್ಲಿ ಹೇಳಿ, ಮಲ್ಪೆಯ ಗೆಳೆಯನೊಬ್ಬನ ಖಾಲಿ ಮನೆಯಲ್ಲಿ ನಾಲ್ಕು ದಿನ ಇದ್ದರು. ಉದ್ದ ಸರಿ ಉಂಟಾ ನೋಡುವ ಎಂದು ಕರಿಮಣಿಯನ್ನು ಅವಳ ಕೊರಳಿಗೆ ಹಾಕಿದವನು ಅವನೇ. ನಾಲ್ಕು ದಿನ ಅದು ಅಲ್ಲೇ ಇತ್ತು.

“ಇದು ಎಂತ ಡಿಸ್ಕಷನ್?” ಎಂದು ವಿಭಾ ಮೇಡಂ ಚಾದ ಲೋಟ ಹಿಡಿದು ಅದೇ ಮೇಜಿಗೆ ಬಂದು ಕೂತರು. ಯಶ್ಮಿತಾ ತಡೆಯುವ ಮೊದಲೇ ಶರೋನ್ ಹೇಳಿಬಿಟ್ಟಳು. ಮೇಡಂ ಹೀಗೆ ಮಾಡಬಾರದು, ಹಾಗೆ ಮಾಡಬಾರದು ಎಂದು ಗದರುತ್ತಾರೆ ಎಂದುಕೊಂಡಿದ್ದಳೋ ಏನೋ.

ವಿಭಾ ಮೇಡಂ ಲೋಟ ಕೆಳಗಿಟ್ಟರು. ಅವರ ಮುಖ ಅರಳಿತು.

“ಯಶ್ಮಿತಾ, ಇದನ್ನು ಬರೆಯಿರಿ. ಪ್ಲೀಸ್ ಇದನ್ನೇ ಬರೆಯಿರಿ,” ಎಂದರು. “ನೋಡಿ, ನಮ್ಮ ಹಿರಿಯರಿಗೆ ಎಷ್ಟು ಗೊತ್ತಿತ್ತು. ಕೌನ್ಸೆಲಿಂಗಿನಲ್ಲಿ ನಾವು ಆರು ತಿಂಗಳು ಮಾಡುವುದನ್ನು ಅವರು ಒಂದು ಶಾಸ್ತ್ರದಲ್ಲಿ ಮುಗಿಸುತ್ತಾರೆ. ನೀವು ಕರಿಮಣಿ ಕೆಳಗಿಡುತ್ತೀರಿ, ಬಿಟ್ಟುಕೊಟ್ಟೆ ಅನ್ನುತ್ತೀರಿ. ಅದೇ ಬೆಳವಣಿಗೆ. ಅಲ್ಲಿ ನಿಮಗೆ ಏನನಿಸಿತು ಅಂತ ಎರಡು ಪುಟ ಬರೆದರೆ ನಾನು ಸೆಮಿನಾರಿಗೂ ತೆಗೆದುಕೊಳ್ಳುತ್ತೇನೆ. ಹೆಸರು ಬದಲಿಸುವ.” ಮತ್ತೆ ಸ್ವಲ್ಪ ಮುಂದೆ ಬಾಗಿ, “ಫೋಟೋ ತೆಗೆಯಲು ಬಿಡುತ್ತಾರಾ?” ಎಂದು ಕೇಳಿದರು.

ಅವರ ಲೋಟದಲ್ಲಿ ಚಾದ ಕೆನೆ ಗಟ್ಟಿಯಾಗಿ ಒಂದು ಬದಿಗೆ ಸರಿದಿತ್ತು. ಯಶ್ಮಿತಾ ಅದನ್ನೇ ನೋಡುತ್ತಿದ್ದಳು. “ಕೇಳಿ ನೋಡುತ್ತೇನೆ ಮೇಡಂ,” ಎಂದಳು. ತನ್ನ ಬಾಯಿಂದ ಬಂದ ಆ ವಿನಯದ ಮೇಲೆ ಅವಳಿಗೆ ಹೇಸಿಗೆಯಾಯಿತು.

ಶನಿವಾರ ಬಜಗೋಳಿಯ ಮನೆಗೆ ಹೋದಾಗ ಅಮ್ಮನಿಗೆ ಎಲ್ಲ ಗೊತ್ತಿತ್ತು. ಮೋಹಿನಿ ಅಲ್ಲಿಗೆ ಮೊದಲೇ ಫೋನು ಮಾಡಿ, ಆಮೇಲೆ ಅವಳಿಗೆ ಮಾಡಿದ್ದರು. ಅಮ್ಮ ಹಲಸಿನ ಎಲೆಯ ಕೊಟ್ಟೆಗೆ ಹಿಟ್ಟು ಹೊಯ್ಯುತ್ತಿದ್ದರು. ಅವರ ಕೈ ಅಂದು ಬಹಳ ಚುರುಕಾಗಿತ್ತು.

“ಎಷ್ಟು ದೊಡ್ಡ ಮನಸ್ಸು ಅವರದ್ದು,” ಎಂದರು. “ಬಿಟ್ಟುಕೊಟ್ಟೆ ಅಂದರೆ ನೀನು ಪುನಃ ಮದುವೆಯಾಗದ ಹುಡುಗಿಯೇ. ಎರಡನೇ ಸಂಬಂಧ ಅಂತ ಯಾರೂ ಹೇಳುವ ಹಾಗಿಲ್ಲ. ಕಾರ್ಕಳದಲ್ಲಿ ಒಬ್ಬ ಇದ್ದಾನಂತೆ, ಸೊಸೈಟಿಯಲ್ಲಿ ಕೆಲಸ.”

“ರಿಜಿಸ್ಟರ್ ಆಗಿದೆಯಲ್ಲ ಅಮ್ಮ.”

“ಅದನ್ನು ಯಾರು ನೋಡುತ್ತಾರೆ? ಕಾಗದ ಅಲ್ವಾ? ಕಪಾಟಿನಲ್ಲಿ ಇರುತ್ತದೆ.” ಅಮ್ಮ ಕೊಟ್ಟೆಯನ್ನು ಹಬೆಯ ಪಾತ್ರೆಯಲ್ಲಿಟ್ಟು ಮುಚ್ಚಿದರು. “ಹುಡುಗಿಯ ಮೈ ಮುಟ್ಟಿದವರಿಲ್ಲ ಅಂತ ನಾನು ಕಾರ್ಕಳದವರಿಗೆ ಎದೆ ತಟ್ಟಿ ಹೇಳಿದ್ದೇನೆ.”

ಅಮ್ಮ ಇದನ್ನು ಹೆಮ್ಮೆಯಿಂದ ಹೇಳಿದರು. ಯಶ್ಮಿತಾ ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ ಮುಖ ತೊಳೆದಳು. ಒಳಗೆ ಬಂದಾಗ ಅಮ್ಮ, “ಒಂದು ಹಾಕಲಾ?” ಎಂದು ಬಿಸಿ ಕಡುಬು ಬಡಿಸಿದರು. ಅವಳು ತಿಂದಳು. ತಾನು ತಿನ್ನುತ್ತಿರುವುದು, ರುಚಿಯಾಗಿದೆ ಎಂದು ನಾಲಿಗೆಗೆ ತಿಳಿಯುತ್ತಿರುವುದು, ಅದೂ ಅವಳಿಗೆ ಅಸಹ್ಯವಾಗಿ ಕಂಡಿತು.

ಆದರೆ ಬಿಟ್ಟುಕೊಟ್ಟೆ ಎಂದು ಹೇಳಿಬಿಡುವುದೆಂದು ಅವಳು ನಿಶ್ಚಯ ಮಾಡಿಕೊಂಡಿದ್ದಳು. ಎಲ್ಲರಿಗೂ ಬೇಕಾದದ್ದು ಒಂದೇ ಶಬ್ದ. ಉಜ್ವಲ್‌ಗೆ ಮದುವೆಯಾಗುತ್ತದೆ, ಅಮ್ಮನಿಗೆ ಕಾರ್ಕಳದ ಅಳಿಯ ಸಿಗುತ್ತಾನೆ, ಮೇಡಂಗೆ ಸೆಮಿನಾರು. ತನಗೂ ಇಪ್ಪತ್ತು ಅಂಕ. ಜಿತೇಶ್ ಸತ್ತದ್ದಂತೂ ಸತ್ತಾಯಿತು. ಅವನ ಹೆಂಡತಿ ಯಾರು ಎನ್ನುವುದು ಯಾರಿಗೆ ಏನು? ಭಾನುವಾರ ಬೆಳಿಗ್ಗೆ ಕಾರ್ಕಳದಿಂದ ಪಡುಬಿದ್ರಿಗೆ, ಅಲ್ಲಿಂದ ಕಾಪುವಿಗೆ ಬಸ್ಸಿನಲ್ಲಿ ಹೋಗುವಾಗ ಅವಳು ಅದನ್ನೇ ಯೋಚಿಸುತ್ತಿದ್ದಳು. ಕೈಚೀಲದಲ್ಲಿ ಕರಿಮಣಿ ಹಳೆಯ ಕರವಸ್ತ್ರದಲ್ಲಿ ಸುತ್ತಿಕೊಂಡು ಮಲಗಿತ್ತು.

ಕಾಪುವಿನ ಮನೆಯ ಚಾವಡಿಯಲ್ಲಿ ಜಿತೇಶನ ಫೋಟೋಕ್ಕೆ ಪ್ಲಾಸ್ಟಿಕ್ ಹೂವಿನ ಹೊಸ ಮಾಲೆ ಹಾಕಿದ್ದರು. ಮಂಚದ ಮೇಲೆ ಹೊಸ ಪಂಚೆ, ಅಂಗಿ, ಅದರ ಪಕ್ಕದಲ್ಲಿ ಧಾರೆಯ ಸೀರೆ. ಕೆಂಪು ಅಂಚಿನ ಆ ಸೀರೆ ಯಶ್ಮಿತಾ ಉಡುಪಿಯ ಅಂಗಡಿಯಲ್ಲಿ ಎರಡು ಗಂಟೆ ಕೂತು ಆರಿಸಿದ್ದು. ಅದರಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು.

“ಚೆನ್ನಾಗಿ ಇಟ್ಟಿದ್ದೇನೆ,” ಎಂದರು ಮೋಹಿನಿ. “ಒಮ್ಮೆಯೂ ಬಿಚ್ಚಲಿಲ್ಲ. ಎಲ್ಲೂರಿನವಳಿಗೆ ಆಗುತ್ತದೆ.”

ಅಂಗಳದ ತುಳಸಿಕಟ್ಟೆಯ ಎದುರು ಬಾಳೆಲೆ ಹಾಕಿ, ಅಕ್ಕಿ, ಕುಂಕುಮ, ಒಂದು ತಂಬಿಗೆ ನೀರು ಇಟ್ಟಿದ್ದರು. ದೂಮಪ್ಪ ಶುಭ್ರ ಪಂಚೆಯಲ್ಲಿ ಬಂದು, ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದ ಒಂದು ಹಾಳೆಯನ್ನು ಅವಳಿಗೆ ಕೊಟ್ಟರು. ‘ಜಿತೇಶ್ ಎಂಬವನ ಮೇಲೆ ನನಗೆ ಯಾವ ಹಕ್ಕೂ ಇರುವುದಿಲ್ಲ. ಈ ದಿನ ಸಂತೋಷದಿಂದ ಬಿಟ್ಟುಕೊಟ್ಟೆನು.’

“ಮೂರು ಸಲ ಹೇಳಬೇಕು,” ಎಂದರು. “ನೀನು ಓದಿದವಳು. ಎಲ್ಲಾದರೂ ತಿದ್ದುವುದಿದ್ದರೆ ತಿದ್ದು.”

“ಹಕ್ಕು ಇಲ್ಲದಿದ್ದರೆ ಬಿಟ್ಟುಕೊಡುವುದು ಎಂತದನ್ನು ಮಾವ?” ಎಂದು ಕೇಳಿದಳು ಯಶ್ಮಿತಾ. ವಾದಕ್ಕಲ್ಲ. ತಿದ್ದು ಎಂದದ್ದಕ್ಕೆ ಕಣ್ಣಿಗೆ ಬಿದ್ದದ್ದನ್ನು ಹೇಳಿದಳು.

ದೂಮಪ್ಪ ಅವಳನ್ನು ನೋಡಿ, ಮೋಹಿನಿಯನ್ನು ನೋಡಿದರು. “ಕಾಲೇಜಿನ ಮಾತು ಇಲ್ಲಿ ಬೇಡ. ಶಾಸ್ತ್ರಕ್ಕೆ ಹೇಳುವುದು ಅಷ್ಟೆ.”

ಅವಳು ಕರಿಮಣಿಯನ್ನು ಬಾಳೆಲೆಯ ಮೇಲಿಟ್ಟಳು. ಮೋಹಿನಿ ಅದಕ್ಕೆ ಕುಂಕುಮ ಹಚ್ಚಿದರು. ಹಾಳೆಯನ್ನು ಎತ್ತಿಕೊಂಡು ‘ಜಿತೇಶ್ ಎಂಬವನ’ ಎನ್ನುವಷ್ಟರಲ್ಲಿ ಗೇಟಿನ ಬಳಿ ರಿಕ್ಷಾ ನಿಂತಿತು.

ಇಳಿದವರು ಎಲ್ಲೂರಿನವರು. ಐವತ್ತು ದಾಟಿದ ಒಬ್ಬ ಹೆಂಗಸು, ಜೊತೆಗೆ ಅವರ ಮೈದುನ. ಇನ್ನೂ ಒಂಬತ್ತು ಗಂಟೆ. “ನೆರೆಮನೆಯ ಸಿಲ್ವೆಸ್ಟರನ ರಿಕ್ಷಾ,” ಎಂದರು ಆ ಹೆಂಗಸು ಸಂಕೋಚದಿಂದ. “ಅವನಿಗೆ ಇಗರ್ಜಿಯಲ್ಲಿ ಪೂಜೆ ಉಂಟು, ಮೊದಲೇ ಬಿಟ್ಟು ಹೋಗುತ್ತೇನೆ ಅಂದ. ತೊಂದರೆ ಆಯಿತಾ ಏನೋ.”

ದೂಮಪ್ಪ ಒಂದು ಕ್ಷಣವೂ ತಡಮಾಡಲಿಲ್ಲ. ಬಾಳೆಲೆಯ ಮೇಲೆ ಇನ್ನೊಂದು ಎಲೆ ಮುಚ್ಚಿ, “ಬನ್ನಿ ಬನ್ನಿ, ಎಂತ ತೊಂದರೆ,” ಎಂದು ಕೈಕಾಲಿಗೆ ನೀರು ಕೊಟ್ಟರು. ಯಶ್ಮಿತಾಳನ್ನು ತೋರಿಸಿ, “ಇದು ನಮ್ಮ ದೂರದ ಸಂಬಂಧದ ಹುಡುಗಿ, ಸಹಾಯಕ್ಕೆ ಬಂದದ್ದು,” ಎಂದರು. ಮೋಹಿನಿ ಅವಳ ಮೊಣಕೈ ಹಿಡಿದು ಅಡುಗೆಮನೆಗೆ ನಡೆಸಿ, “ಪುನರ್ಪುಳಿ ಶರಬತ್ತು ಮಾಡು ಮಗಾ, ಅವರು ಹೋದ ಮೇಲೆ ನಮ್ಮದು ಮುಗಿಸುವ,” ಎಂದು ಪಿಸುಗುಟ್ಟಿ ಚಾವಡಿಗೆ ಓಡಿದರು.

ಶರಬತ್ತು ಕಲಸುವಾಗ ಅವಳಿಗೆ ಸಕ್ಕರೆ ಎಷ್ಟು ಚಮಚ ಹಾಕಿದೆ ಎನ್ನುವುದೂ ನೆನಪಿತ್ತು.

ಎಲ್ಲೂರಿನ ಹೆಂಗಸು ಬಾಯಿ ಮುಕ್ಕಳಿಸುವ ನೆವದಲ್ಲಿ ಹಿಂದಿನ ಬಾಗಿಲಿಗೆ ಬಂದರು. ಹೆಸರು ಗುಲಾಬಿ ಎಂದರು. ಕಂಕುಳಲ್ಲಿ ಬಟ್ಟೆಯ ಚೀಲವಿತ್ತು. ಕೂತಾಗಲೂ ಅದನ್ನು ಕೆಳಗಿಡಲಿಲ್ಲ.

“ಮಗಳದ್ದು,” ಎಂದರು, ಯಶ್ಮಿತಾ ನೋಡಿದ್ದನ್ನು ಕಂಡು. “ಮೋಕ್ಷಾ ಅಂತ. ಹತ್ತೊಂಬತ್ತಕ್ಕೆ ಹೋದಳು. ಇವತ್ತಿಗೆ ಮೂವತ್ತಾಗುತ್ತಿತ್ತು. ಅವಳ ಚೂಡಿದಾರ ಒಂದು, ಬಳೆ. ಕಾಲಿಗೆ ಗೆಜ್ಜೆ ಬೇಕು ಅಂತಿದ್ದಳು, ಈಗ ತೆಗೆದೆ.” ಚೀಲವನ್ನು ಇನ್ನಷ್ಟು ಒತ್ತಿಕೊಂಡರು. “ಕನಸಿನಲ್ಲಿ ಬಂದು ಹೊಸ್ತಿಲ ಹೊರಗೆ ನಿಲ್ಲುತ್ತಾಳೆ. ಒಳಗೆ ಬಾ ಅಂದರೆ ಬರುವುದಿಲ್ಲ. ಮದುವೆ ಮಾಡಿ ಕಳಿಸದವಳನ್ನು ಒಳಗೆ ಹೇಗೆ ಕರೆಯುವುದು ಅಂತ ಅವಳಿಗೇ ಗೊತ್ತುಂಟು.”

ಯಶ್ಮಿತಾ ಲೋಟ ಕೊಟ್ಟಳು. ಗುಲಾಬಿ ಕುಡಿಯದೆ ಹಿಡಿದುಕೊಂಡರು.

“ಅಲ್ಲಿ ಗಂಡಸರ ಎದುರು ಕೇಳಲಿಕ್ಕಾಗುವುದಿಲ್ಲ. ನೀನು ಮನೆಯ ಹುಡುಗಿ, ಸತ್ಯ ಹೇಳು ಮಗಾ. ಹುಡುಗ ಹೇಗಿದ್ದ? ಸಿಟ್ಟು ಇತ್ತಾ?”

ಒಂದು ವರ್ಷದಿಂದ ಎಷ್ಟೋ ಜನ ಅವಳೊಂದಿಗೆ ಮಾತಾಡಿದ್ದರು. ಜಿತೇಶ್ ಹೇಗೆ ಸತ್ತ, ಎಲ್ಲಿ ಸತ್ತ, ಹೆಣ ಎಷ್ಟು ದಿನಕ್ಕೆ ಬಂತು ಎಂದೆಲ್ಲ ಕೇಳಿದ್ದರು. ಹೇಗಿದ್ದ ಎಂದು ಕೇಳಿದವರಿಲ್ಲ.

“ಸಿಟ್ಟಿಲ್ಲ,” ಎಂದಳು ಯಶ್ಮಿತಾ. “ಸಿಟ್ಟು ಬಂದರೆ ಪಾತ್ರೆ ತೊಳೆಯುತ್ತಾರೆ. ತೊಳೆದದ್ದನ್ನೇ ಪುನಃ ತೊಳೆಯುತ್ತಾರೆ.”

ಗುಲಾಬಿ ನಕ್ಕರು. “ಕುಡಿತ?”

“ಇಲ್ಲ. ಊಟಕ್ಕೆ ಕೂತರೆ ಮಾತಿಲ್ಲ. ಕಾಪುವಿನವರಾದರೂ ಮೀನಿನ ಮುಳ್ಳು ಬಿಡಿಸಲು ಬರುವುದಿಲ್ಲ, ಬಂಗುಡೆ ಆದರೆ ಮಾತ್ರ ತಿನ್ನುತ್ತಾರೆ. ಮಲಗಿದ ಕೂಡಲೇ ನಿದ್ದೆ. ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ. ಎಡಗಡೆಗೆ ಹೊರಳಿಸಿದರೆ ನಿಲ್ಲುತ್ತದೆ.”

ಗುಲಾಬಿಯ ಮುಖದ ನಗು ಹಾಗೇ ಇತ್ತು, ಆದರೆ ಕಣ್ಣು ಅವಳ ಕೊರಳಿಗೆ, ಹಣೆಗೆ, ಬರಿಗೈಗೆ ಹೋಗಿ ಬಂತು.

“ಅದು ನಿನಗೆ ಹೇಗೆ ಗೊತ್ತು?”

ಸುಳ್ಳೊಂದು ಸಿದ್ಧವಿತ್ತು. ದೂಮಪ್ಪ ಕೊಟ್ಟು ಹೋದದ್ದು: ದೂರದ ಸಂಬಂಧದ ಹುಡುಗಿ. ಮೋಹಿನಿ ಹೇಳಿದ್ದರು ಎಂದರೆ ಮುಗಿಯುತ್ತಿತ್ತು. ಅವಳು ಗುಲಾಬಿಯ ಕಂಕುಳಿನ ಚೀಲವನ್ನು ನೋಡಿದಳು. ಗೆಜ್ಜೆಯ ಡಬ್ಬಿಯ ಮೂಲೆ ಬಟ್ಟೆಯೊಳಗಿಂದ ಎದ್ದು ಕಾಣುತ್ತಿತ್ತು.

“ನಾನು ಅವರ ಹೆಂಡತಿ,” ಎಂದಳು.

ಆ ಶಬ್ದವನ್ನು ಅವಳು ಅದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಕಾಗದದ ಮೇಲೆ ನಾಲ್ಕು ಕಡೆ ಬರೆದಿದ್ದಳು, ಅಷ್ಟೆ.

ಗುಲಾಬಿ ಶರಬತ್ತನ್ನು ಕಟ್ಟೆಯ ಮೇಲಿಟ್ಟು ಚಾವಡಿಗೆ ನಡೆದರು. ಕೂಗಾಡಲಿಲ್ಲ. ಬಾಗಿಲಲ್ಲಿ ನಿಂತು ದೂಮಪ್ಪನನ್ನು ಕೇಳಿದರು: “ಮದುವೆಯಾದ ಗಂಡಿಗೆ ನನ್ನ ಮಗಳನ್ನು ಕೇಳಿದ್ದಾ ನೀವು?”

ದೂಮಪ್ಪ ಒಮ್ಮೆ ಅಡುಗೆಮನೆಯ ಕಡೆ ನೋಡಿ ನಕ್ಕರು. “ಅದು ವೀಸಾಕ್ಕೆ ಮಾಡಿದ ಕಾಗದದ ಮದುವೆ ಅಕ್ಕಾ. ಧಾರೆ ಆಗಲಿಲ್ಲ. ನಮ್ಮಲ್ಲಿ ಅದಕ್ಕೆಲ್ಲ ಲೆಕ್ಕ ಇಲ್ಲ.”

“ಕಾಗದದವಳಿಗೆ ನಿದ್ದೆಯಲ್ಲಿ ಹಲ್ಲು ಕಡಿಯುವುದು ಗೊತ್ತಾಗುತ್ತದಾ?”

ಎಲ್ಲೂರಿನ ಮೈದುನ ಚಪ್ಪಲಿ ಹುಡುಕತೊಡಗಿದ.

“ನನ್ನ ಮಗಳು ಸತ್ತಿರಬಹುದು,” ಎಂದರು ಗುಲಾಬಿ. “ಇನ್ನೊಬ್ಬಳ ಗಂಡನ ಮನೆಗೆ ಹೋಗಿ ಮೂಲೆಯಲ್ಲಿ ನಿಲ್ಲುವ ಗತಿ ಅವಳಿಗೆ ಬರಲಿಲ್ಲ.”

ಅವರು ಅಂಗಳ ದಾಟಿ ಹೋದ ಮೇಲೆ ಮೋಹಿನಿ ಯಶ್ಮಿತಾಳ ಎದುರು ಬಂದು ನಿಂತರು. ಅವರು ಹೊಡೆಯಬಹುದು, ಅಳಬಹುದು ಎಂದು ಅವಳು ಕಾದಳು.

“ಯಾವಾಗ?” ಎಂದರು ಮೋಹಿನಿ. “ನಮ್ಮ ಕಣ್ಣು ತಪ್ಪಿಸಿ ಎಲ್ಲಿದ್ದಿರಿ? ಎಷ್ಟು ದಿನ?”

ದೂಮಪ್ಪ ಹತ್ತಿರ ಬಂದರು. ಬಾಗಿಲ ಹಿಂದೆ ಉಜ್ವಲ್ ಕಿವಿಯಿಟ್ಟು ನಿಂತದ್ದು ಅವನ ಕಾಲಿನಿಂದ ತಿಳಿಯಿತು. ಮೂವರೂ ಮನಸ್ಸಿನಲ್ಲಿ ರಜೆಯ ತಾರೀಕುಗಳನ್ನು ಹಿಂದೆ ಮುಂದೆ ತಿರುವಿ ನೋಡುತ್ತಿದ್ದರು. ಗೋಕರ್ಣವೋ, ಬಸ್ಸೋ, ಯಾವ ಲಾಡ್ಜೋ. ಆ ನಾಲ್ಕು ದಿನದ ಮೇಲೆ ಮೂವರ ಕೈ ಒಟ್ಟಿಗೆ ಹರಿದಾಡಿದಂತೆ ಅವಳಿಗೆ ಅನಿಸಿತು.

“ಬರುತ್ತೇನೆ ಅತ್ತೆ,” ಎಂದಳು.

ತುಳಸಿಕಟ್ಟೆಯ ಬಳಿ ಬಗ್ಗಿ, ಮೇಲಿನ ಎಲೆ ಸರಿಸಿ, ಕರಿಮಣಿ ತೆಗೆದುಕೊಂಡಳು. ಅಕ್ಕಿಯ ಕಾಳುಗಳು ಕುಂಕುಮಕ್ಕೆ ಅಂಟಿಕೊಂಡು ಬಂದವು. “ಅದನ್ನು ಅಲ್ಲಿಡು, ಅದು ಈ ಮನೆಯದ್ದು,” ಎಂದು ಹಿಂದಿನಿಂದ ದೂಮಪ್ಪ ಹೇಳಿದ್ದು ಕೇಳಿತು. ಅವಳು ಇಡಲಿಲ್ಲ. ಅದಕ್ಕೆ ಬೇಕಾದ ತ್ರಾಣ ಎಲ್ಲಿಂದ ಬಂತೋ ತಿಳಿಯದು. ಬಹಳವೇನೂ ಬೇಕಾಗಲಿಲ್ಲ.

ಗುಲಾಬಿ ಹೆದ್ದಾರಿಯ ಬಸ್ಸು ನಿಲ್ದಾಣದಲ್ಲಿ ಕೂತಿದ್ದರು. ಸಿಲ್ವೆಸ್ಟರ್ ಇಗರ್ಜಿಯಿಂದ ಬರುವುದಕ್ಕೆ ಇನ್ನೂ ಒಂದು ಗಂಟೆಯಿತ್ತು. ಮೈದುನ ದೂರ ನಿಂತು ಫೋನಿನಲ್ಲಿ ಯಾರಿಗೋ ಬಯ್ಯುತ್ತಿದ್ದ. ಯಶ್ಮಿತಾ ಹತ್ತಿರ ಹೋಗಿ ನಿಂತಳು. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಅವರು ಒಂದು ಒಳ್ಳೆಯ ಮಾತು ಹೇಳಬಹುದು ಎಂದು ಆಸೆಯಿತ್ತು.

“ನೀನು ಮೊದಲೇ ಹೇಳಬೇಕಿತ್ತು,” ಎಂದರು ಗುಲಾಬಿ, ಅವಳ ಮುಖ ನೋಡದೆ. “ನಾನು ನಿನ್ನೆ ಎಲೆ ಹಾಕಿ ಬಡಿಸಿ ಮಗಳಿಗೆ ಹೇಳಿಯಾಗಿದೆ. ಕಾಪುವಿನ ಹುಡುಗ, ಒಳ್ಳೆಯವನಂತೆ, ಅಂತ. ಈಗ ಎಂತ ಹೇಳಲಿ?”

ಬಸ್ಸು ಬಂದು ನಿಂತಿತು. ಅದು ಉಡುಪಿಯದ್ದು. ಯಶ್ಮಿತಾ ಹತ್ತಿದಳು.

ಬನ್ನಂಜೆಯ ಕೋಣೆಯಲ್ಲಿ ಅವಳು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕರಿಮಣಿಯ ಕುಂಕುಮವನ್ನು ತಿಕ್ಕಿ ತೊಳೆದಳು. ಮಣಿಗಳ ಸಂದಿಯಲ್ಲಿ ಕೆಂಪು ಉಳಿದೇ ಇತ್ತು. ಅಮ್ಮ ಏಳು ಸಲ ಫೋನು ಮಾಡಿದರು. ಎಂಟನೆಯದನ್ನು ಅವಳು ಎತ್ತಿದಳು. ಕಾಪುವಿನವರು ಎಲ್ಲವನ್ನೂ ಹೇಳಿದ್ದರು. ಅಮ್ಮ ಹೆಚ್ಚೇನೂ ಹೇಳಲಿಲ್ಲ. “ನನ್ನ ಮುಖಕ್ಕೆ ಉಗುಳಿದೆ ನೀನು,” ಎಂದರು. ಯಶ್ಮಿತಾ, “ಊಟ ಮಾಡಿದೆಯಾ ಅಮ್ಮ?” ಎಂದು ಕೇಳಿದಳು. ಫೋನು ಕಟ್ಟಾಯಿತು.

ಸೋಮವಾರ ಕಾಲೇಜಿಗೆ ಹೋಗುವ ಮೊದಲು ಹೊಸ ಹಾಳೆಯಲ್ಲಿ ನಕ್ಷೆ ಬರೆದಳು. ಚೌಕ, ಅದರ ಮೇಲೆ ಗೀಟು. ವೃತ್ತ. ನಡುವೆ ಸ್ಕೇಲಿಟ್ಟು ಪೂರ್ತಿ ಗೆರೆ. ಮತ್ತೆ ಹಾಳೆಯ ಅಂಚಿಗೆ, ಯಾರಿಗೂ ತಾಗದಂತೆ, ಇನ್ನೊಂದು ಸಣ್ಣ ವೃತ್ತ ಬರೆದು ಅದರ ಮೇಲೂ ಗೀಟು ಹಾಕಿದಳು. ಬರಹ ಅರ್ಧ ಪುಟವಾಯಿತು. ಅದರ ಕೊನೆಯಲ್ಲಿ ಹೀಗಿತ್ತು: ‘ಈ ಕೋರ್ಸಿಗೆ ಬರುವಾಗ ನಾನು ಜಿತೇಶರ ಹೆಂಡತಿ ಹೌದೋ ಅಲ್ಲವೋ ಎಂದು ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಅದನ್ನು ಕೋರ್ಸು ಕಲಿಸಿದ್ದಲ್ಲ. ಹೇಳಿದ್ದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ.’

ವಿಭಾ ಮೇಡಂ ನಿಂತಲ್ಲೇ ಓದಿದರು. ಓದಿ ಮುಗಿಸಿ ಹಾಳೆಯ ಹಿಂಬದಿ ತಿರುಗಿಸಿ ನೋಡಿದರು, ಇನ್ನೇನಾದರೂ ಉಂಟೋ ಎಂದು.

“ಹಾಗಾದರೆ ಬಿಟ್ಟುಕೊಡಲಿಲ್ಲವಾ?” ಎಂದರು. ಧ್ವನಿಯಲ್ಲಿ ನಿರಾಸೆಯಿತ್ತು, ಊಟಕ್ಕೆ ಕರೆದು ಎಲೆ ಹಾಕದೆ ಕಳಿಸಿದವರ ಮೇಲೆ ಇರುವಂಥದ್ದು.

“ಇಲ್ಲ ಮೇಡಂ.”

“ಇದನ್ನು ನಾನು ಸೆಮಿನಾರಿನಲ್ಲಿ ಹೇಗೆ ಓದಲಿ?” ಅವರು ನಕ್ಷೆಯನ್ನು ಬೆಳಕಿಗೆ ಹಿಡಿದರು. “ಇಲ್ಲಿ ಮೂಲೆಯಲ್ಲಿ ಇದು ಯಾರು? ಗೆರೆಯೇ ಇಲ್ಲ. ನಿಮ್ಮ ಕುಟುಂಬದವಳಾ?”

“ಅಲ್ಲ,” ಎಂದಳು ಯಶ್ಮಿತಾ. “ಮೋಕ್ಷಾ ಅಂತ, ಎಲ್ಲೂರಿನವಳು.”

“ಮತ್ತೆ ಇಲ್ಲಿ ಯಾಕೆ?”

“ಅವಳಿಗೆ ಹೇಳಿಯಾಗಿತ್ತು ಮೇಡಂ.”

ವಿಭಾ ಮೇಡಂಗೆ ಅರ್ಥವಾಗಲಿಲ್ಲ. ಅವರು ಕೆಂಪು ಪೆನ್ನು ತೆಗೆದು ಆ ವೃತ್ತದ ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದರು. ಹಳದಿ ಸ್ಟಿಕ್ಕರಿನ ಹಾಳೆ ಮೇಜಿನ ಮೇಲೇ ಇತ್ತು. ಅದನ್ನು ಮುಟ್ಟಲಿಲ್ಲ.